ಕಾಡಿಗೆಯ ಮೀಸೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನನ್ನ ತೋಳಿಗೆ ಕಟ್ಟಿದ ಕೆಂಪು ಪಟ್ಟಿ ಅಮ್ಮನ ರವಿಕೆ ಕಣದ್ದೋ, ಶಾಲೆಯ ಹಳೆ ಬ್ಯಾನರಿನದೋ ಖಚಿತವಿಲ್ಲ. ಮೀಸೆ ಬರೆದದ್ದು ಮಾತ್ರ ಕಾಡಿಗೆಯಲ್ಲಿ. ಮೂಗು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರತ್ನಮ್ಮ ಮೊಮ್ಮಗಳಿಗೆಂದು ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದರು. ಆ ಕಮಟು ಹೊಗೆ ಕಾಂಪೌಂಡ್ ದಾಟಿ ಬಂತು. ಐವತ್ತರ ಹತ್ತಿರದ ಹೆಂಗಸು ನಾನು, ಅಲ್ಲೇನೂ ಇಲ್ಲವೆಂದು ಗೊತ್ತಿದ್ದೂ ಸೆರಗಿನಿಂದ ಮೇಲ್ತುಟಿ ಒರೆಸಿಕೊಂಡೆ. ಎರಡು ಸಲ.

ನಾನಾಗ ತಿ. ನರಸೀಪುರದಲ್ಲಿ ಐದನೇ ಕ್ಲಾಸು. ಅಮ್ಮನ ಅಣ್ಣ ನಂಜುಂಡ ಮಾವ ಅಲ್ಲೇ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರು. ಊರೆಲ್ಲ ಅವರನ್ನು ಹಿಟ್ಲರ್ ಮೇಷ್ಟ್ರು ಎನ್ನುತ್ತಿತ್ತು. ನಮ್ಮ ಕಡೆ ಅದು ಬೈಗುಳವಲ್ಲ, ನಿಮಗೂ ಗೊತ್ತಿರುತ್ತದೆ. ಗಂಟೆ ಹೊಡೆಯುವ ಮೊದಲೇ ಗೇಟಿನಲ್ಲಿ ನಿಲ್ಲುವ ಶಿಸ್ತಿನ ಮನುಷ್ಯನಿಗೆ ಕೊಡುವ ಬಿರುದು. ಸಂತೆಯಲ್ಲಿ ಸೊಪ್ಪು ಮಾರುವವಳು ಕೂಡ, "ಇಟ್ಲರ್ ಮೇಷ್ಟ್ರು ಬಂದ್ರು, ಬಾಡೋಗಿರೋದ್ನ ಅತ್ಲಾಗಿಡು ಕಣೆ" ಎಂದು ಮಗಳಿಗೆ ಹೇಳುತ್ತಿದ್ದಳು. ಮಾವ ಕೇಳಿಸಿಕೊಂಡು ಒಳಗೊಳಗೇ ಬೀಗುತ್ತಿದ್ದರು.

ಸ್ಕೂಲ್ ಡೇಗೆ ಛದ್ಮವೇಷ ಸ್ಪರ್ಧೆ. ಕ್ಲಾಸಿನಲ್ಲಿ ಆಗಲೇ ಮೂವರು ರಾಣಿಯರು, ಇಬ್ಬರು ಹಾವಾಡಿಗರು. ಮಾವ ಹೇಳಿದರು, "ಎಲ್ರೂ ಮಾಡೋದ್ನೇ ಇವ್ಳೂ ಮಾಡಿದ್ರೆ ಏನ್ ಬಂತು? ಇವ್ಳು ನಾನಾಗ್ಲಿ, ಹಿಟ್ಲರ್." ಎನ್‌ಸಿಸಿ ಹುಡುಗನೊಬ್ಬನ ಖಾಕಿ ಅಂಗಿ ತಂದರು. ಮೂಗಿನಡಿಗೆ ಎರಡು ಬೆರಳಗಲ ಕಾಡಿಗೆ ಮೆತ್ತಿದರು. ಕೆಂಪು ಪಟ್ಟಿಯ ಮೇಲೆ ಬಿಳಿಯ ವೃತ್ತ, ಅದರೊಳಗೆ ಆ ಗುರುತು.

ಅಮ್ಮ ಪಟ್ಟಿಯನ್ನು ತಿರುಗಿಸಿ ನೋಡಿದಳು. "ಇದ್ಯಾಕಣ್ಣ ಸ್ವಸ್ತಿಕನ ಓರೆ ಬರ್ದಿದ್ದೀಯ?"

"ಅವ್ರುದು ಅಂಗೇ ಕಣಮ್ಮ."

"ಓರೆನೋ ನೆಟ್ಟಗೋ, ದೇವ್ರ ಗುರುತಲ್ವ" ಎಂದು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಆಮೇಲೆ ನನ್ನ ತೋಳಿಗೆ ಕಟ್ಟಿದಳು. ಹೊಸ ಬಾಗಿಲಿಗೆ, ಕಳಶದ ಚೊಂಬಿಗೆ ಅರಿಶಿನದಲ್ಲಿ ಅದನ್ನೇ ಬರೆದು ಬೆಳೆದ ಕೈ ಅವಳದು.

ನನಗೆ ಮೊದಲ ಬಹುಮಾನ ಬಂತು, ಸ್ಟೀಲಿನ ಟಿಫಿನ್ ಡಬ್ಬಿ. ಸ್ಟುಡಿಯೊದವನು ಫೋಟೊ ತೆಗೆದ. ನಾನು ವೇದಿಕೆಯ ಮೇಲೆ ಕೈಕಟ್ಟಿ ಗಂಭೀರವಾಗಿ ನಿಂತಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಫೋಟೊದಲ್ಲಿ ಬಲಗೈ ನೆಟ್ಟಗೆ ಮುಂದಕ್ಕೆ ಚಾಚಿದೆ. ಬಾಯಿ ತೆರೆದಿದೆ. ಏನು ಕೂಗುತ್ತಿದ್ದೆನೋ.

ಮಾವನ ಮೊಮ್ಮಗಳು ಸುಮಾ ಈಗ ಜರ್ಮನಿಯಲ್ಲಿದ್ದಾಳೆ, ವೃದ್ಧರ ಆರೈಕೆ ಕಲಿಯಲು ಹೋದವಳು. ಕಲಿಕೆಯೂ ಕೆಲಸವೂ ಅಲ್ಲಿನ ಒಂದು ವೃದ್ಧಾಶ್ರಮದಲ್ಲೇ. ಮೂರು ತಿಂಗಳ ಹಿಂದೆ ಟ್ರಂಕಿನಲ್ಲಿ ಸಿಕ್ಕ ಆ ಫೋಟೊವನ್ನು ಅವಳಿಗೆ ಕಳಿಸಿದವಳು ನಾನೇ, ನಗುವ ಮುಖ ಒಂದಲ್ಲ, ನಾಲ್ಕು ಅಂಟಿಸಿ. ಅವಳು ನನ್ನ ಹುಟ್ಟುಹಬ್ಬದ ದಿನ ಅದನ್ನು ಸ್ಟೇಟಸ್ಸಿಗೆ ಹಾಕಿದಳು. ಅಷ್ಟೇ ಅಲ್ಲ, ತಾನು ದಿನಾ ತಲೆ ಬಾಚುವ ಅಜ್ಜಿಯೊಬ್ಬರಿಗೆ ಫೋನಿನಲ್ಲಿ ನಮ್ಮ ಊರು ತೋರಿಸಿದಳು. ಕಪಿಲೆಯ ಸೋಪಾನಕಟ್ಟೆ, ನಮ್ಮ ಹಸು, ರಸಬಾಳೆಯ ಗೊನೆ. ಅಜ್ಜಿ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರಂತೆ. ಬೆರಳು ಸರಿದು ಮುಂದಿನ ಚಿತ್ರ ನಾನು.

"ಅವ್ರು ಯೆಹೂದ್ಯರು ಅಂತ ನಂಗೊತ್ತಿರ್ಲಿಲ್ಲ ಅತ್ತೆ" ಎಂದಳು ಸುಮಾ ಫೋನಿನಲ್ಲಿ. "ಚಿಕ್ಕೋರಿದ್ದಾಗ ಯಾರದೋ ಅಟ್ಟದ ಮೇಲೆ ಅಡಗಿದ್ದು ಬದುಕಿದ್ರಂತೆ. ಕಿರುಚಲಿಲ್ಲ, ಏನಿಲ್ಲ. ರಗ್ಗು ಕುತ್ತಿಗೆ ತನಕ ಎಳ್ಕೊಂಡ್ರು. ಆವತ್ತಿಂದ ನನ್ನ ಕೈ ಮುಟ್ಟಕ್ಕೆ ಬಿಡಲ್ಲ."

ಸ್ಟೇಟಸ್ ನೋಡಿದ ಯಾರೋ ದೂರು ಕೊಟ್ಟರು. ಪೊಲೀಸಿನಿಂದ ಕಾಗದ ಬಂತು. ಆ ಗುರುತನ್ನು ಹಾಗೆ ಪ್ರದರ್ಶಿಸುವುದು ಅಲ್ಲಿ ಅಪರಾಧ. ಅವಳು ಬರಹದಲ್ಲಿ ಉತ್ತರ ಕೊಡಬೇಕು. ಕಲಿಕೆ ಉಳಿಯುತ್ತದೋ, ವೀಸಾ ಉಳಿಯುತ್ತದೋ ಯಾರಿಗೂ ಗೊತ್ತಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು ಎಂದು ಒಪ್ಪಿಕೊಳ್ಳಬೇಕು. ಅಷ್ಟು ದೊಡ್ಡ ಸರ್ಕಾರಕ್ಕೆ ಹತ್ತು ವರ್ಷದ ಹುಡುಗಿಯ ಮೀಸೆಯೇ ಬೇಕಾಗಿತ್ತೆ ಎಂದುಕೊಂಡೆ. ಆಮೇಲೆ ಕೂತು ಓದಿದೆ. ಯೆಹೂದ್ಯರ ಮೇಲಿನ ದ್ವೇಷ ತಡೆಯಲೆಂದೇ ಆ ಸರ್ಕಾರ ಅಧಿಕಾರಿಗಳನ್ನು ನೇಮಿಸಿದೆ. ಮಂತ್ರಿಗಳು ಎದ್ದು ನಿಂತು, ಈ ದ್ವೇಷಕ್ಕೆ ಇಲ್ಲಿ ಜಾಗವಿಲ್ಲ ಎನ್ನುತ್ತಾರೆ. ಯೆಹೂದ್ಯರು ಪ್ರಾರ್ಥನೆ ಮಾಡುವ ಮಂದಿರಗಳ ಮುಂದೆ ಬಂದೂಕು ಹಿಡಿದ ಪೊಲೀಸರು ನಿಂತಿರುತ್ತಾರೆ. ನಂಜನಗೂಡಿನ ದೇವಸ್ಥಾನದ ಮುಂದೆಯೂ ಹುಣ್ಣಿಮೆಗೆ ಪೊಲೀಸರಿರುತ್ತಾರೆ, ಸರಗಳ್ಳರಿಗಾಗಿ, ನೂಕುನುಗ್ಗಲಿಗಾಗಿ. ಕೈಮುಗಿಯಲು ಹೋದವಳು ಜೀವಸಹಿತ ಮನೆಗೆ ಬರಲೆಂದು ಯಾರೂ ನನಗಾಗಿ ಕಾವಲು ನಿಲ್ಲಬೇಕಾಗಿ ಬಂದಿಲ್ಲ. ಇಷ್ಟು ವರ್ಷ ಕಳೆದರೂ ಇನ್ನೂ ಅಷ್ಟು ಕಾವಲು ಬೇಕಾಗಿದೆ ಎಂದರೆ, ಹೆದರಬೇಕಾದ ವಿಷಯ ಪೊಲೀಸಿನ ಕಾಗದವಲ್ಲ.

ನಾನು ಎಂ.ಎ. ಮಾಡಿದವಳು. ಹಿಟ್ಲರ್ ಕೊಲ್ಲಿಸಿದ ಯೆಹೂದ್ಯರು ಅರವತ್ತು ಲಕ್ಷ ಎಂದು ಓದಿದ್ದೆ, ಉತ್ತರಪತ್ರಿಕೆಯಲ್ಲಿ ಬರೆದೂ ಇದ್ದೆ. ಆ ಲೆಕ್ಕ ತಲೆಯ ಒಂದು ಗೂಡಿನಲ್ಲಿ, ಟಿಫಿನ್ ಡಬ್ಬಿ ಇನ್ನೊಂದರಲ್ಲಿ. ಎರಡಕ್ಕೂ ನಡುವೆ ಯಾವತ್ತೂ ಮಾತುಕತೆ ನಡೆದಿರಲಿಲ್ಲ.

ಹೋದ ವಾರ ಮಾವನನ್ನು ನೋಡಲು ನಂಜನಗೂಡಿಗೆ ಹೊರಟೆ. ನರಸೀಪುರದಿಂದ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ರಸ್ತೆಯ ಗುಂಡಿಗಳಿಗೆ ಬೈಯುತ್ತಿದ್ದರು. ಒಬ್ಬ ಹೇಳಿದ, "ಈ ದೇಸುಕ್ಕೆ ಒಬ್ಬ ಇಟ್ಲರ್ ಬರ್ಬೇಕು ಕಣ್ಲಾ. ಆರ್ ತಿಂಗ್ಳಲ್ಲಿ ಎಲ್ಲಾನೂ ನೆಟ್ಟಗ್ ಮಾಡ್ಬುಡ್ತಾನೆ." ಇನ್ನೊಬ್ಬ ನಕ್ಕ. "ಮೊದ್ಲು ನಿನ್ನೇ ನೆಟ್ಟಗ್ ಮಾಡ್ತಾನೆ, ಸುಮ್ಕಿರ್ಲಾ." ಈ ಮಾತನ್ನು ನೂರು ಸಲ ಕೇಳಿದ್ದೇನೆ, ನಾನೂ ಒಂದೆರಡು ಸಲ ಆಡಿರಬಹುದು. ಆವತ್ತು ಮಾತ್ರ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಒಳ್ಳೆಯ ಮುಖಗಳೇ ಇದ್ದಿರಬೇಕು, ಅದೇ ಭಯ.

ಮಾವನಿಗೆ ಈಗ ಎಂಬತ್ತು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ವಿಷಯ ಅವರಿಗೆ ಅರ್ಧ ಮಾತ್ರ ಗೊತ್ತಿತ್ತು.

"ಮಕ್ಳ ನಾಟ್ಕ ಕಣವ್ವ ಅದು. ಅದಕ್ಕೂ ಪೊಲೀಸ್ನೋರಾ?"

ನಾನು ಅಟ್ಟದ ಮೇಲೆ ಅಡಗಿದ್ದ ಅಜ್ಜಿಯ ವಿಷಯ ಹೇಳಿದೆ, ಕುತ್ತಿಗೆವರೆಗೆ ಎಳೆದುಕೊಂಡ ರಗ್ಗಿನ ವಿಷಯ ಹೇಳಿದೆ. ಮಾವನ ಬೆರಳು ಸಿಪ್ಪೆಯಲ್ಲೇ ನಿಂತಿತು.

ಸುಮಾ ನನಗೊಂದು ಕೆಲಸ ವಹಿಸಿದ್ದಳು. ಆ ಅಜ್ಜಿ ಬೇರೊಬ್ಬ ದಾದಿಯ ಮೂಲಕ ಒಂದೇ ಒಂದು ಮಾತು ಕೇಳಿಸಿದ್ದರಂತೆ: ಆ ಮಗುವಿಗೆ ಅದನ್ನು ಕಟ್ಟಿದವರಿಗೆ ಅದೇನೆಂದು ಗೊತ್ತಿತ್ತೇ? "ಪೊಲೀಸಿಗೆ ವಕೀಲ್ರು ಬರ್ಕೊಡ್ತಾರೆ ಅತ್ತೆ, ಇದು ಅವ್ರಿಗೆ ನಾನೇ ಹೇಳ್ಬೇಕು. ಸುಳ್ಳು ಹೇಳಕ್ಕಾಗಲ್ಲ. ತಾತನ್ನ ಕೇಳಿ" ಎಂದಿದ್ದಳು.

ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಅದನ್ನು ಕಣ್ಣಿಗೊತ್ತಿಕೊಂಡವಳು, ಈಗ ಇಲ್ಲ. ಮಾವ ಚರಿತ್ರೆಯ ಮೇಷ್ಟ್ರು. ಹತ್ತನೇ ಕ್ಲಾಸಿನಲ್ಲಿ ನನಗೆ ಮಹಾಯುದ್ಧದ ಪಾಠ ಮಾಡಿದವರು ಅವರೇ. ಯೆಹೂದ್ಯರ ಬಗ್ಗೆ ಒಂದು ಪ್ಯಾರಾ ಇತ್ತು. "ಇದು ಪರೀಕ್ಷೆಗೆ ಬರಾಕಿಲ್ಲ, ಬುಡಿ" ಎಂದು ಪುಟ ತಿರುಗಿಸಿದ ಹಾಗೆ ನೆನಪು. ಭಯದಲ್ಲಿ ನಾನೇ ಈಗ ಕಟ್ಟಿಕೊಂಡ ನೆನಪೂ ಇರಬಹುದು. ಆದರೆ ಬಿಡಿ ಎನ್ನಬೇಕಾದರೆ ಅದನ್ನು ಮೊದಲು ಓದಿರಬೇಕಲ್ಲವೆ?

ಕೇಳಿದೆ. ಮಾವ ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಬಸ್ಸಿಗೆ ಹೊತ್ತಾಗುವವರೆಗೂ ಹೊರಗೆ ಬರಲಿಲ್ಲ.

ರತ್ನಮ್ಮ ಈಗಷ್ಟೇ ಮಗುವನ್ನು ಎತ್ತಿಕೊಂಡು ಬಂದು ಹೋದರು. "ಮೊದ್ಲು ನೀವೇ ಒಂದ್ ದೃಷ್ಟಿಬೊಟ್ಟು ಇಕ್ಕಿ, ಓದಿದೋರ ಕೈ" ಎಂದರು. ಬೆರಳನ್ನು ಕಾಡಿಗೆಯಲ್ಲಿ ಅದ್ದಿದೆ. ಮಗು ನಕ್ಕು ಮುಖ ಮುಂದೆ ಚಾಚಿತು, ನಾನೂ ಅವತ್ತು ಹಾಗೇ ಚಾಚಿರಬೇಕು. ಕೆನ್ನೆಗೆ ಒಂದು ಚುಕ್ಕೆ ಇಡಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ರತ್ನಮ್ಮ ನನ್ನ ಮುಖವನ್ನೇ ನೋಡಿದರು. ಬೆರಳು ತೊಳೆದೆ. ವಾಸನೆ ಹೋಗಿಲ್ಲ. ಸುಮಾ ನಾಡಿದ್ದು ಮತ್ತೆ ಫೋನು ಮಾಡುತ್ತಾಳೆ. ಮಾವ ಇನ್ನೂ ಮಾಡಿಲ್ಲ. ಆವತ್ತು ಜಗಲಿಯಲ್ಲಿ ನಾನು ಅವರನ್ನು ಕೇಳಿದ್ದು ಇಷ್ಟೇ:

"ಮಾವ, ಆ ಪ್ಯಾರಾ ನೀವು ಓದಿದ್ದು ನನಗೆ ಮೀಸೆ ಬರೆಯೋಕೆ ಮುಂಚೆನಾ, ಆಮೇಲಾ?"