ಅಜ್ಜಿ ಕೇಳಿದ ಕನ್ನಡಕ

ಮೊದಲ ದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದಾಗ ಸರದಿಯಲ್ಲಿ ನಿಂತಿದ್ದವರೆಲ್ಲ ಒಮ್ಮೆಲೇ ಹಾಡತೊಡಗಿದರು. ಗಂಡಸರದೊಂದು ದನಿ, ಅದರ ಮೇಲೆ ಹೆಂಗಸರದು. ಮಂಜಿನಲ್ಲಿ ಮುಖಗಳು ಕಾಣುತ್ತಿರಲಿಲ್ಲ; ಬೆಟ್ಟವೇ ಹಾಡುತ್ತಿದೆ ಎನಿಸಿತು. ಕುಂದಗೋಳದ ನಮ್ಮ ಕನ್ನಡಕದ ಅಂಗಡಿಯ ಮುಂದೆ ಇಷ್ಟು ಜನ ನಿಂತಿದ್ದರೆ, ಯಾರು ಮೊದಲು ಬಂದರೆಂದು ಜಗಳವೇ ಆಗುತ್ತಿತ್ತು.

ಹುಬ್ಬಳ್ಳಿಯ ಚರ್ಚೊಂದರ ವೈದ್ಯರ ತಂಡದ ಜೊತೆ, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡಲು, ಆರು ತಿಂಗಳ ಮಟ್ಟಿಗೆ ನಾನು ಆಫ್ರಿಕಾದ ಮಲಾವಿಗೆ ಬಂದಿದ್ದೇನೆ. ಜೂನ್ ಎಂದರೆ ಇಲ್ಲಿ ಚಳಿಗಾಲ. ಊರಲ್ಲಿ ಹೆಸರುಕಾಳು ಬಿತ್ತುವ ಹೊತ್ತಿಗೆ ಇಲ್ಲಿ ಎರಡು ಕಂಬಳಿ ಹೊದ್ದಿದ್ದೆ. ನಸುಕಿನಲ್ಲಿ ನನ್ನ ಲಿಂಗಪೂಜೆ ಮುಗಿಯುವಷ್ಟರಲ್ಲಿ ಚರ್ಚಿನ ಪ್ರಾರ್ಥನೆ ಕಿಟಕಿಯೊಳಗೆ ಬರುತ್ತದೆ. ನನ್ನ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯಲ್ಲಿ ಔಷಧಿ ಇದೆಯೆಂದೇ ಇಲ್ಲಿನ ನರ್ಸ್ ಚಿಕೊಂಡಿ ಬಹಳ ದಿನ ತಿಳಿದಿದ್ದಳು. ಊಟಕ್ಕೆ ನ್ಸಿಮಾ, ಗೋವಿನಜೋಳದ ಹಿಟ್ಟಿನ ಬಿಳಿ ಮುದ್ದೆ. ಎಲ್ಲರೂ ಕೈಯಲ್ಲೇ ಉಣ್ಣುತ್ತಾರೆ, ಅದೊಂದು ಸಮಾಧಾನ. ರೊಟ್ಟಿ ಬಡಿಯುವ ಸಪ್ಪಳವಿಲ್ಲದ ಸಂಜೆಗಳಲ್ಲಿ ಮಾತ್ರ ಕಿವಿ ಏನನ್ನೋ ಹುಡುಕುತ್ತದೆ.

ಮೂರನೆಯ ತಿಂಗಳಲ್ಲಿ ಒಬ್ಬ ಅಗೋಗೊ, ಅಂದರೆ ಅಜ್ಜಿ, ದೂರದ ಹಳ್ಳಿಯವರ ಗುಂಪಿನೊಡನೆ ನಡೆದು ಬಂದಳು. ತಂಡದ ಹಿರಿಯರಾದ ಡಾಕ್ಟರ್‌ಬಾಯಿ ಬ್ಯಾಟರಿ ಹಿಡಿದು ಆಕೆಯ ಕಣ್ಣು ನೋಡಿದರು. ನರವೇ ಸತ್ತಿತ್ತು.

“ಇದಕ್ಕ ಆಪರೇಶನ್ನೂ ಇಲ್ಲ, ಕನ್ನಡಕಾನೂ ಇಲ್ಲವ್ವಾ. ಖರೇ ಹೇಳಿಬಿಡು,” ಎಂದು ನನ್ನ ಹೆಗಲು ಮುಟ್ಟಿದರು.

ಚಿಕೊಂಡಿಯ ಮೂಲಕ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ನಗುತ್ತ ಏನೋ ಅಂದಳು. ಚಿಕೊಂಡಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರೂ ನನ್ನೊಳಗೆ ನಮ್ಮೂರ ಮಾತಾಗಿಯೇ ಇಳಿಯಿತು: “ಕಾಣಂಗಿಲ್ಲ ಅನ್ನೂದು ನನಗ ಗೊತ್ತೈತಿ ಮಗಳ. ನನ್ನ ಸಂಗಾಟ ಬಂದವರಿಗೆಲ್ಲಾ ಕೊಟ್ಟೀದಿ. ನಾನೂ ಅಷ್ಟ ದಾರಿ ನಡದೀನಿ. ನನಗೂ ಒಂದು ಕೊಡು.”

ಡಾಕ್ಟರ್‌ಬಾಯಿಯವರ ಬಳಿ ಹೋದೆ.

“ಸುಳ್ಳು ಆಶೆ ಹಚ್ಚಿದಂಗ ಆಗೂದಿಲ್ಲೇನು?” ಎಂದರು.

“ಆಕಿಗೆ ಆಶೆ ಏನೂ ಇಲ್ರಿ. ಕನ್ನಡಕ ಬೇಕಾಗೇತಿ, ಅಷ್ಟರಿ.”

ಅವರು ಒಂದು ಗಳಿಗೆ ಅಜ್ಜಿಯನ್ನೇ ನೋಡಿ, “ಕೊಡು. ಚಂದಂದು ನೋಡಿ ಕೊಡು,” ಎಂದರು.

ಡಬ್ಬಿಯಲ್ಲಿದ್ದ ಫ್ರೇಮುಗಳನ್ನೆಲ್ಲ ಅಜ್ಜಿಯ ಮಡಿಲಿಗೆ ಸುರಿದೆ. ಒಂದೊಂದನ್ನೂ ಬೆರಳಿನಿಂದ ಸವರಿ ದುಂಡನೆಯದೊಂದನ್ನು ಆರಿಸಿದಳು. ನಂಬರಿಲ್ಲದ ಗಾಜು ಕೂರಿಸಿ, ಕಿವಿಗೆ ಒತ್ತದಂತೆ ಕಡ್ಡಿ ಬಗ್ಗಿಸಿ ತೊಡಿಸಿದೆ. ಕುಂದಗೋಳದಲ್ಲಿ ಯಾರಿಗೂ ಇಷ್ಟು ನಿಧಾನವಾಗಿ ತೊಡಿಸಿದ್ದಿಲ್ಲ. ಅಜ್ಜಿ ಎರಡೂ ಅಂಗೈಯಲ್ಲಿ ನನ್ನ ಮುಖ ಹಿಡಿದು “ಜಿಕೋಮೊ” ಎಂದಳು. ಇಲ್ಲಿಯವರು ಉಪಕಾರ ನೆನೆಯುವ ಮಾತು ಅದು. ಆಮೇಲೆ, ಒಣಗಿದ ದಂಟಿನ ಹೊಲಗಳ ನಡುವೆ ಗುಂಪು ಹಳ್ಳಿಗೆ ಮರಳುವಾಗ, ಎಲ್ಲರ ಮೂಗಿನ ಮೇಲೆ ಕನ್ನಡಕದ ಬಿಸಿಲು ಮಿನುಗುತ್ತಿದ್ದ ಆ ಸಾಲಿನಲ್ಲಿ ಅಜ್ಜಿ ಯಾರೆಂದು ನನಗೆ ಗುರುತಾಗಲಿಲ್ಲ.

ಮೊನ್ನೆ ಔಷಧಿ ತರಲು ಪಟ್ಟಣಕ್ಕೆ ಹೋಗಿದ್ದೆ. ಮಧ್ಯಾಹ್ನ ಆಸ್ಪತ್ರೆಯ ತಿರುವಿನಲ್ಲಿ ಮಿನಿಬಸ್ಸಿನಿಂದ ಇಳಿಯುತ್ತಿರುವಾಗ ಅವ್ವ ಫೋನ್ ಮಾಡಿದಳು.

“ಎಲ್ಲಿದ್ದೀ?”

“ಈಗ ಊರು ಮುಟ್ಟೀನಿ ನೋಡಬೇ,” ಅಂದೆ.

“ಅಯ್ಯ! ಬರೂದು ಮದ್ಲ ಹೇಳಬಾರದೇನು? ಸ್ಟೇಶನ್ನ್ಯಾಗ ಕುಂದ್ರು, ನಿಮ್ಮಣ್ಣನ್ನ ಕಳಸ್ತೀನಿ.”

ಎದುರಿಗೆ ಕೆಂಪು ದಾರಿ. ತುದಿಯಲ್ಲಿ ನಿಂತು ಚಿಕೊಂಡಿ ಕೈಬೀಸುತ್ತಿದ್ದಳು. ನಾನು ಊರು ಅಂದದ್ದು ಇದಕ್ಕೆ; ಫೋನ್ ಕಿವಿಗೆ ಹಿಡಿದೇ ನಾನೂ ಕೈಬೀಸಿದೆ. ಅತ್ತ ಅವ್ವ ಆಗಲೇ ಅಣ್ಣನನ್ನು ಕೂಗುತ್ತಿದ್ದಳು.