ಮುಖವಿಲ್ಲದ ಬೊಂಬೆ

ಮೊನ್ನೆ ಮಗಳು ಶಾಲೆಯ ಪ್ರವಾಸದಿಂದ ಬಂದವಳೇ ಚೀಲದಿಂದ ಒಂದು ಮರದ ಬೊಂಬೆ ತೆಗೆದು ಮೇಜಿನ ಮೇಲಿಟ್ಟಳು. ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಕೊಂಡದ್ದಂತೆ. ಇತಿಹಾಸಕ್ಕೂ ಹಿಂದಿನ ಯಾವುದೋ ಕಲ್ಲಿನ ಬೊಂಬೆಯ ನಕಲು. ತುಂಬಿದ ಹೊಟ್ಟೆ, ಮುಖವಿಲ್ಲ. ಹೊಸದಾಗಿ ಕೆತ್ತಿದ ಮರದ ವಾಸನೆ ಮೂಗಿಗೆ ಬಡಿಯಿತು. ಹುಣಸೂರಿನ ನಮ್ಮ ಎದುರುಮನೆಯ ಸಾಬರು ನೆನಪಾದರು...

ಅವರು ಬಾಗಿಲು, ಮಂಚಗಳಿಗೆ ಹೂಬಳ್ಳಿ ಕೆತ್ತುತ್ತಿದ್ದರು. ಒಂದು ಹಕ್ಕಿಯನ್ನೂ ಕೆತ್ತಿದವರಲ್ಲ. ಜೀವವಿರುವುದರ ರೂಪ ಮಾಡಿದರೆ, ಅದಕ್ಕೆ ಉಸಿರೂ ಕೊಡು ಎಂದು ಕೊನೆಯ ದಿನ ದೇವರು ಕೇಳುತ್ತಾನೆ ಎಂಬ ಹೆದರಿಕೆ ಅವರಿಗೆ.

ಆಗ ನಾನು ತುಂಬು ಬಸುರಿ. ಹಿಂದಿನ ಎರಡೂ ಸಲ ಮಗು ಉಳಿದಿರಲಿಲ್ಲ. ಹನಗೋಡಿನ ನಮ್ಮ ಶುಂಠಿ ಹೊಲದಲ್ಲಿ ಜೆಸಿಬಿ ಮಣ್ಣು ತೋಡುವಾಗ ಇಂಥದೇ ಕಲ್ಲಿನ ಬೊಂಬೆ ಸಿಕ್ಕಿತು; ಹೊಟ್ಟೆಯ ಮೇಲೆ ಜೆಸಿಬಿ ಹಲ್ಲಿನ ಗೀರು. ಬಹಳ ಹಳೆಯದು, ವಾರ ಬಿಟ್ಟು ಬಂದು ಒಯ್ಯುತ್ತೇವೆ ಎಂದರು ಸರ್ಕಾರದವರು. ಅತ್ತೆ ಹೆದರಿಬಿಟ್ಟರು. ಭೂಮಿಯಿಂದ ತೆಗೆದದ್ದಕ್ಕೆ ಅಂಥದೇ ಒಂದನ್ನು ಬದಲಿಯಾಗಿ ಹೂಳಬೇಕು, ಇಲ್ಲದಿದ್ದರೆ ಭೂಮಿ ಮನೆಯ ಬಸುರಿಯ ಮಡಿಲಿಗೇ ಕೈ ಹಾಕುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಓದಿದವಳೆಂಬ ಜಂಬ ನನಗೆ. ಆದರೂ ಹೊಟ್ಟೆಯ ಮೇಲಿನ ಕೈ ತೆಗೆಯಲು ಧೈರ್ಯ ಬರಲಿಲ್ಲ.

ಅತ್ತೆ ಬೊಂಬೆ ಹಿಡಿದು ನನ್ನನ್ನೂ ಕರೆದುಕೊಂಡು ಸಾಬರ ಬಾಗಿಲಿಗೆ ಹೋದರು. "ಬದಲಿ ಒಂದು ಕೆತ್ಕೊಡಿ ಸಾಬ್ರೇ. ನಮ್ ಸೊಸೆ ಮಗು ಉಳೀಬೇಕು."

ಅವರು ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮುಖ ಇಲ್ವಲ್ಲಮ್ಮ ಇದಕ್ಕೆ, ಜೀವ ಅಂತ ಲೆಕ್ಕಕ್ಕೆ ಬರಾಕಿಲ್ವೇನೋ... ಮಾಡ್ತೀನಿ ಬುಡಿ. ಮೇಲಿರೋನು ಕೇಳಿದ್ರೆ ಕೇಳ್ಲಿ."

ಅವರು ಮರದಲ್ಲಿ ಕೆತ್ತಿ ತಂದ ಬೊಂಬೆಯಲ್ಲಿ ಆ ಗೀರು ಇರಲಿಲ್ಲ. ಅತ್ತೆ ಗಾಬರಿಯಾದರು. "ಇದ್ದಂಗೇ ಇರ್ಬೇಕು ಕಣ್ರೀ, ಭೂಮ್ತಾಯಿ ಒಪ್ಪಾಕಿಲ್ಲ!"

"ಬಸುರಿ ಹೊಟ್ಟೆ ಮ್ಯಾಲೆ ಉಳಿ ಆಕಾಕಿಲ್ಲ ನಾನು," ಎಂದವರೇ ಸಾಬರು ಎದ್ದು ಹೋದರು.

ಹಾಗೇ ಹೂಳಿದೆವು. ಅಲ್ಲಿಂದಾಚೆ ಮಗು ಸ್ವಲ್ಪ ಹೊತ್ತು ಮಿಸುಕದಿದ್ದರೂ ಆ ಇಲ್ಲದ ಗೀರೇ ನನ್ನ ಕಣ್ಣ ಮುಂದೆ. ಬೆಳಿಗ್ಗೆ ಸಾಬರು ಬೀದಿಯಾಚೆಯಿಂದಲೇ ಕೇಳುತ್ತಿದ್ದರು, "ಮಗು ಒದೀತೇನಮ್ಮ?" ನಾನು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಅವರು ಕೆಲಸಕ್ಕೆ ಕೂರುತ್ತಿದ್ದದ್ದು. ನನಗಿಂತ ಅವರೇ ಹೆಚ್ಚು ಹೆದರಿದ್ದರೇನೋ...

ಮಗಳನ್ನು ಆಸ್ಪತ್ರೆಯಿಂದ ಕರೆತಂದ ದಿನ ಅವಳ ಅಳು ಕೇಳಿ ಸಾಬರು ತಮ್ಮ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು. ಅವರು ತೀರಿಕೊಂಡು ವರ್ಷಗಳಾದವು. ಆ ಬೊಂಬೆಗೆ ಉಸಿರು ಕೊಡು ಎಂದು ದೇವರು ಅವರನ್ನು ಕೇಳುತ್ತಾನೋ ಏನೋ...

"ಅಮ್ಮಾ, ಇದಕ್ಕೆ ಕಣ್ಣು ಬರೀಲಾ?" ಮಗಳು ಪೆನ್ನು ಹಿಡಿದು ಬೊಂಬೆಯ ಮೇಲೆ ಬಗ್ಗಿದ್ದಳು.

"ಬೇಡ ಕಣೇ!" ನಾನು ಕಿರುಚಿದ್ದಕ್ಕೆ ಅವಳು ಬೆಚ್ಚಿ ಪೆನ್ನು ಕೈಬಿಟ್ಟಳು. ಕೇಳಿದರೆ ಕೇಳಲಿ ಎನ್ನುವವರು ಈಗ ಎದುರುಮನೆಯಲ್ಲಿ ಇಲ್ಲ.