ಅಂಚಿನ ಸೀಟು

ಶೇರ್ ಆಟೋದ ಹಿಂದಿನ ಸೀಟಿನಲ್ಲಿ ಎಷ್ಟು ಜನ ಕೂರಬಹುದು ಎಂಬ ಪ್ರಶ್ನೆಗೆ ಸರ್ಕಾರ ಒಂದು ಉತ್ತರ ಕೊಡುತ್ತದೆ, ಚಾಲಕ ಇನ್ನೊಂದು. ಯಾರು ಎಲ್ಲಿ ಕೂರಬೇಕು ಎಂಬ ಬಗ್ಗೆ ಮಾತ್ರ ಇಬ್ಬರೂ ಮೌನ. ಆ ಕಾನೂನನ್ನು ಪ್ರಯಾಣಿಕರೇ ಮಾಡಿಕೊಂಡಿದ್ದಾರೆ: ದೂರ ಹೋಗುವವರು ಒಳಗೆ, ನಡುವೆ ಇಳಿಯುವವರು ಅಂಚಿಗೆ. ಬಲಗಡೆ ಕಂಬಿ ಇರುವುದರಿಂದ ಹತ್ತಲು, ಇಳಿಯಲು ಇರುವುದು ಎಡಗಡೆಯ ದಾರಿ ಒಂದೇ. ಕಾನೂನು ಚೆನ್ನಾಗಿದೆ. ಅದನ್ನು ಮಾಡಿದವರ ಮಂಡಿಗಳೆಲ್ಲ ಬಗ್ಗುತ್ತಿದ್ದವು ಎಂಬುದಷ್ಟೇ ಅದರ ದೋಷ.

ನನ್ನ ರತ್ನ ಚಿಕ್ಕಮ್ಮನ ಎಡ ಮಂಡಿ ಬಗ್ಗುವುದಿಲ್ಲ. ಚಿಕ್ಕಂದಿನ ಪೋಲಿಯೊ, ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ. ನಮ್ಮೂರು ಭೇರ್ಯದಲ್ಲಿ ಕೂತು ಊರಿನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳಿಗೆ ಕೆ.ಆರ್. ನಗರದ ದೊಡ್ಡ ಟೈಲರಿಂಗ್ ಅಂಗಡಿಯೊಂದು ಬಟ್ಟೆ ಕತ್ತರಿಸುವ ಕೆಲಸ ಕೊಟ್ಟಿತು. ಅವಳು ಹತ್ತು ವರ್ಷದಿಂದ ಕಾದಿದ್ದ ಕೆಲಸ. ಬಸ್ಸಿನ ಮೊದಲ ಮೆಟ್ಟಿಲು ಅವಳಿಗೆ ಸೊಂಟದ ಎತ್ತರ. ಉಳಿದದ್ದು ಶೇರ್ ಆಟೋ.

ಒಳಗಿನ ಸೀಟಿಗೆ ಆ ಕಾಲು ತೂರುವುದಿಲ್ಲ. ಹಾಗಾಗಿ ಮೊದಲ ದಿನ ಅಂಚಿನಲ್ಲಿ ಕೂತಳು. ದಾರಿಯುದ್ದಕ್ಕೂ ಒಳಗಿನವರು ಇಳಿದಾಗಲೆಲ್ಲ ತಾನೂ ಇಳಿದು ಹತ್ತಿದಳು. ಎರಡನೆಯ ದಿನ ಕರುಣಾಳುಗಳು ಪರಿಹಾರ ಹುಡುಕಿದರು. ಒಬ್ಬರು ಬಗಲಿಗೆ ಕೈ ಹಾಕಿದರು, ಒಬ್ಬರು ಕಾಲು ಹಿಡಿದರು, "ಎತ್ಲಾ, ಎತ್ತು" ಎಂದು ಎತ್ತಿ ಇಳಿಸಿದರು, ಎತ್ತಿ ಇಟ್ಟರು. ಬೇಕೇ ಎಂದು ಕೇಳಿದವರಿಲ್ಲ. ನಮ್ಮ ಕಡೆಯ ಜನ ಬಹಳ ಒಳ್ಳೆಯವರು. ಆ ಒಳ್ಳೆಯತನದಿಂದ ತಪ್ಪಿಸಿಕೊಳ್ಳುವುದು ಕಷ್ಟ.

"ನನ್ನ ಮೂಟೆ ಮಾಡ್ಬುಟ್ರು ಕಣೆ," ಎಂದಳು ಚಿಕ್ಕಮ್ಮ ಸಂಜೆ. ಮೂರನೆಯ ದಿನ ಹೋಗಲಿಲ್ಲ. ನಾಲ್ಕನೆಯ ದಿನ ಅಂಗಡಿಯಿಂದ ಫೋನ್ ಬಂತು: ಸೋಮವಾರದಿಂದ ತಪ್ಪದೆ ಬಂದರೆ ಸರಿ, ಇಲ್ಲದಿದ್ದರೆ ಕತ್ತರಿ ಬೇರೆಯವರ ಕೈಗೆ.

ನಾನು ಕಾಲೇಜಿನಲ್ಲಿ ಚರ್ಚಾಪಟು. ಒಂದೇ ವಿಷಯದ ಪರವಾಗಿ ಹುಣಸೂರಿನಲ್ಲಿ, ವಿರುದ್ಧವಾಗಿ ಪಿರಿಯಾಪಟ್ಟಣದಲ್ಲಿ ಮಾತಾಡಿ ಎರಡೂ ಕಡೆ ಬಹುಮಾನ ತಂದವಳು. ಈ ಕಾರಣಕ್ಕೇ ಮನೆಯಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಚಾಲಕ ಶಿವಣ್ಣ ಮಾತ್ರ ಕೇಳಿದರು, ಅವರ ಗಾಡಿಗೆ ನಾನು ಅಡ್ಡ ನಿಂತಿದ್ದೆ.

"ಅಂಚಿನ ಸೀಟು ಚಿಕ್ಕಮ್ಮಂಗೆ. ಒಳಗಡೆ ಕೆ.ಆರ್. ನಗರದವರ್ಗೂ ಹೋಗೋರ್ನೇ ಕೂರಿಸಿ. ಮಧ್ಯ ಇಳಿಯೋರು ಮುಂದೆ, ನಿಮ್ಮ ಪಕ್ಕ."

"ಮದ್ಯ ಇಳಿಯೋರು ಎಂಗುಸ್ರಾದ್ರೆ? ನನ್ ಪಕ್ಕ ಕುಂತ್ಕತಾರಾ? ನೀನ್ ಕುಂತ್ಕತೀಯಾ?"

ತಾತ್ವಿಕವಾಗಿ ಕೂರುತ್ತೇನೆ ಎಂದೆ. ಅಂದರೆ ಇಲ್ಲ ಎಂದು ಅವರಿಗೆ ತಕ್ಷಣ ಅರ್ಥವಾಯಿತು. ಆಮೇಲೆ ಹಕ್ಕು, ಘನತೆ, ಸಮಾನತೆ ಎಂದು ಒಂದೊಂದಾಗಿ ಬಿಚ್ಚಿದೆ. ಶಿವಣ್ಣ ಎಲ್ಲ ಕೇಳಿ, "ನೀನ್ ಯೋಳೋದೆಲ್ಲ ಸರಿ ಕಣವ್ವ. ಆದ್ರೆ ಆಟೋ ತುಂಬ್ಬೇಕಲ್ಲ?" ಎಂದರು.

ನಮ್ಮ ಹಳೆಯ ತಾರ್ಕಿಕರು ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸಬೇಕು ಎಂದು ಹೇಳಿಕೊಟ್ಟಿದ್ದಾರೆ. ಎದುರಾಳಿ ಪೂರ್ತಿ ಒಪ್ಪಿಕೊಂಡು ಗಾಡಿ ಮಾತ್ರ ಬಿಡದಿದ್ದರೆ ಏನು ಮಾಡಬೇಕು ಎಂದು ಹೇಳಿಲ್ಲ. ಅವರ ಕಾಲದಲ್ಲಿ ಶೇರ್ ಆಟೋ ಇರಲಿಲ್ಲ.

ಸೋತ ವರದಿಯನ್ನು ಚಿಕ್ಕಮ್ಮನಿಗೆ ಒಪ್ಪಿಸಿದೆ.

"ತುಂಬ್ಬೇಕು ಅಂದ್ನಾ? ಅಷ್ಟೇಯಾ?" ಎಂದು ಫೋನ್ ಎತ್ತಿಕೊಂಡಳು. ಊರಿನ ಹೆಂಗಸರ ಅಳತೆಯ ಜೊತೆಗೆ ಅವರ ದಿನಚರಿಯೂ ಅವಳಿಗೆ ಗೊತ್ತು. ಹೂವಿನ ಜಯಮ್ಮ, ಕಾಲೇಜಿನ ಇಬ್ಬರು ಹುಡುಗಿಯರು: ಮೂರು ಕರೆ. "ಎಂಟ್ಗಂಟೆಗೆ ಬಾ. ಕೆ.ಆರ್. ನಗರದ್ ಗಂಟ ಬರೋದಾದ್ರೆ ಮಾತ್ರ. ಮದ್ಯ ಇಳಿಯಂಗಿಲ್ಲ."

ಸೋಮವಾರ ಎಂಟಕ್ಕೆ ಆಟೋ ತುಂಬಿತ್ತು. ದಿನಾ ಅರ್ಧ ಗಂಟೆ ಕೂಗಿ ಜನ ಸೇರಿಸುತ್ತಿದ್ದ ಶಿವಣ್ಣನಿಗೆ ಅಂದು ಕೂಗಲು ಏನೂ ಉಳಿದಿರಲಿಲ್ಲ.

"ಗಾಡಿನ ಒಸಿ ಆ ಕಟ್ಟೆಗೆ ತಾಗಿಸಿ ನಿಲ್ಸಪ್ಪ," ಎಂದಳು ಚಿಕ್ಕಮ್ಮ. ನಿಲ್ಲಿಸಿದರು. ಜಯಮ್ಮ ಅಭ್ಯಾಸಬಲದಿಂದ ಕೈ ಚಾಚಿದರು. "ಯಾರೂ ಮುಟ್ಬೇಡಿ." ಸ್ಟ್ಯಾಂಡಿನ ತಗ್ಗು ಕಟ್ಟೆಯ ಮೇಲೆ ನಿಂತು ಹಿಮ್ಮುಖವಾಗಿ ಸೀಟಿನ ಅಂಚಿಗೆ ಕೂತಳು, ಆಮೇಲೆ ತನ್ನ ಕಾಲನ್ನು ತಾನೇ ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದುಕೊಂಡಳು. ಇಷ್ಟೆ. ಇದಕ್ಕೆ ಹಿಂದಿನ ವಾರ ಇಬ್ಬರು ಬೇಕಾಗಿದ್ದರು.

ಮೈಸೂರಿನಲ್ಲಿ ಫೋನ್ ಒತ್ತಿದರೆ ಬಾಡಿಗೆ ಗಾಡಿ ಬರುವ ವ್ಯವಸ್ಥೆ ಇದೆ. ನಾನೂ ಒಮ್ಮೆ ಭೇರ್ಯದಲ್ಲಿ ಒತ್ತಿ ನೋಡಿದ್ದೇನೆ. ಒಂದು ಚಕ್ರ ಬಹಳ ಹೊತ್ತು ತಿರುಗಿತು, ಅದು ಗಾಡಿಯದಲ್ಲ. ಎಲ್ಲಿದ್ದೀರಿ, ಎಲ್ಲಿಗೆ ಹೋಗಬೇಕು ಎಂದು ಫೋನ್ ಕೇಳುತ್ತದೆ. ಯಾವ ಕಾಲು ಬಗ್ಗುವುದಿಲ್ಲ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಬಿಡಿ. ಚಿಕ್ಕಮ್ಮನ ಪರವಾಗಿ ಅಷ್ಟು ಮಾತಾಡಿದವಳು, ಹೇಗೆ ಹತ್ತುತ್ತೀಯ ಎಂದು ಚಿಕ್ಕಮ್ಮನನ್ನು ಕೇಳಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ತಿಂಗಳ ಮೇಲೆ ಒಂದು ಬೆಳಿಗ್ಗೆ, ದಾರಿಯ ನಡುವೆ ನಾಲೆ ಸೇತುವೆಯ ಹತ್ತಿರವಿರುವ ಗೆಳತಿ ನನ್ನನ್ನು ತಿಂಡಿಗೆ ಕರೆದಿದ್ದಳು. ಕಾಲೇಜಿನ ಹುಡುಗಿಯೊಬ್ಬಳಿಗೆ ಜ್ವರ ಬಂದು ಒಳಗಿನ ಸೀಟು ಖಾಲಿ ಇತ್ತು. ಮುಂದೆ ಶಿವಣ್ಣನ ಪಕ್ಕ ಇಬ್ಬರು ಗಂಡಸರು ಆಗಲೇ ಕೂತಿದ್ದರು. ನಾನು ಹಿಂದೆ ಹತ್ತಿ ಕಂಬಿಯ ಪಕ್ಕ ಕೂತೆ. ಚಿಕ್ಕಮ್ಮ ಇನ್ನೂ ಕಟ್ಟೆಯ ಮೇಲೆ ನಿಂತಿದ್ದಳು.

"ನೀನೆಲ್ಲಿಗೆ?"

"ನಾಲೆ ಸೇತುವೆ."

"ಇಳಿ. ಮದ್ಯ ಇಳಿಯೋರ್ಗೆ ಜಾಗ ಇಲ್ಲ."

"ಚಿಕ್ಕಮ್ಮ, ನಾನು!"

"ನೀನೇ ಅಲ್ವೇನೆ ಈ ರೂಲು ಮಾಡಿದ್ದು? ಚಂದಾಗದೆ." ಸ್ವಲ್ಪ ಯೋಚಿಸಿ ರಿಯಾಯಿತಿ ತೋರಿಸಿದಳು: "ಬರೋದಾದ್ರೆ ಕೆ.ಆರ್. ನಗರದ್ ಗಂಟ ಬಾ. ಅಲ್ಲಿಳ್ದು ಇನ್ನೊಂದ್ ಆಟೋದಲ್ಲಿ ವಾಪಸ್ ಓಗು."

ನನ್ನಲ್ಲಿ ಮೂರು ಆಕ್ಷೇಪಣೆಗಳಿದ್ದವು. ಯಾವುದನ್ನು ಮೊದಲು ಮಂಡಿಸುವುದು ಎಂದು ಜೋಡಿಸುವಷ್ಟರಲ್ಲಿ ಎಲ್ಲರೂ ಹತ್ತಿ ಗಾಡಿ ಹೊರಟಿತು.

ಸೇತುವೆ ಬಂತು. ಗೆಳತಿ ರಸ್ತೆ ಬದಿಯಲ್ಲಿ ನಿಂತಿದ್ದಳು. ನನ್ನನ್ನು ಕಂಡು ಕೈ ಎತ್ತಿದಳು. ಆಟೋ ನಿಲ್ಲದ್ದು ಕಂಡು ಎತ್ತಿದ ಕೈ ಅಲ್ಲೇ ಉಳಿಯಿತು. "ಒಸಿ ತಾಳವ್ವ, ಇಂಗೋಗಿ ಅಂಗ್ ಬತ್ತಾಳೆ!" ಎಂದು ಅಂಚಿನಿಂದ ಚಿಕ್ಕಮ್ಮ ಕೂಗಿ ಹೇಳಿದಳು. ಶಿವಣ್ಣ ವೇಗ ಕೂಡ ತಗ್ಗಿಸಲಿಲ್ಲ.

ಅಷ್ಟರಲ್ಲಿ ನನ್ನ ಆಕ್ಷೇಪಣೆಗಳಲ್ಲಿ ಎರಡು ತಾವಾಗಿಯೇ ಬಿದ್ದುಹೋಗಿದ್ದವು. ಮೂರನೆಯದು ಗಟ್ಟಿಯಾಗಿತ್ತು. ಹೇಳಲು ಬಾಯಿ ತೆರೆದೆ. ಚಿಕ್ಕಮ್ಮ ಕಾಲು ಚಾಚಿಕೊಂಡು, ಗಾಳಿಗೆ ಸೆರಗು ಹಿಡಿದುಕೊಂಡು, ಅಂದು ಕತ್ತರಿಸಬೇಕಾದ ಮದುವೆ ಬಟ್ಟೆಗಳ ವಿಷಯ ಜಯಮ್ಮನಿಗೆ ಹೇಳುತ್ತಿದ್ದಳು. ದಾರಿಯಲ್ಲಿ ಒಮ್ಮೆಯೂ ಅವಳು ಇಳಿಯಬೇಕಾಗಿ ಬಂದಿರಲಿಲ್ಲ.

ವಾಪಸ್ ಆಟೋಗೆ ಚಿಲ್ಲರೆ ಇದೆಯೇ ಎಂದು ಪರ್ಸು ನೋಡಿಕೊಂಡೆ.